ದಾವಣಗೆರೆ ವೈಂಡಿಂಗ್ ಅಂಗಡಿಯಲ್ಲಿ ಸುತ್ತಿಸಿದ ಲೂಪ್ ಆಂಟೆನಾ: ಬಳಸಿ ನೋಡಿದ ಮೇಲೆ ಬರೆದದ್ದು

ಜೋರಾದ ಮ್ಯಾಗ್ನೆಟಿಕ್ ಫೀಲ್ಡ್ ಅಳೆಯೋಕೆ ಲೂಪ್ ಆಂಟೆನಾ, ಅಂದರೆ ಫೀಲ್ಡ್ ಬದಲಾದಂತೆ ತುದಿಯಲ್ಲಿ ವೋಲ್ಟೇಜ್ ಕೊಡುವ ದುಂಡನೆಯ ತಂತಿ ಕಾಯಿಲ್, ಎಲ್ಲಿ ಸಿಗುತ್ತದೆ ಅಂತ ಹುಡುಕುತ್ತಿದ್ದೀರಾ? ಹಾಗಿದ್ದರೆ ಮೊದಲೇ ಹೇಳಿಬಿಡುತ್ತೇನೆ. ಆನ್‌ಲೈನಿನಲ್ಲಿ ಸಿಗುವ ಪ್ರೋಬ್ ಸೆಟ್ಟಿಗೆ ದುಡ್ಡು ಹಾಕಬೇಡಿ. ಬೆಂಗಳೂರಿನಿಂದ ದೊಡ್ಡ ಆಂಟೆನಾ ಬಾಡಿಗೆಗೆ ತರೋದೂ ಬೇಡ. ದಾವಣಗೆರೆಯಲ್ಲಿ ಬೋರ್‌ವೆಲ್ ಮೋಟಾರ್ ರಿವೈಂಡಿಂಗ್ ಮಾಡುವ ಒಂದು ಒಳ್ಳೆ ಅಂಗಡಿ ಹಿಡಿಯಿರಿ, ಅಳತೆ ಬರೆದುಕೊಡಿ, ಕಣ್ಣೆದುರೇ ಸುತ್ತಿಸಿಕೊಳ್ಳಿ. ನಾನು ಹಾಗೇ ಮಾಡಿಸಿಕೊಂಡೆ, ಕೆಲಸಕ್ಕೆ ಬಂತು, ಒಬ್ಬ ಮನುಷ್ಯನ ಜೀವದ ವಿಷಯದಲ್ಲಿ ಕೆಲಸಕ್ಕೆ ಬಂತು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಅಂಗಡಿ ಹೆಸರು ಹಾಕುತ್ತಿಲ್ಲ. ಮಾಲೀಕರೇ ಬೇಡ ಅಂದರು. ಬೇಸಿಗೆ ಬಂದರೆ ಚನ್ನಗಿರಿ ಕಡೆಯ ಅಡಿಕೆ ತೋಟದವರು, ಜಗಳೂರು ಕಡೆಯವರು ಎಲ್ಲ ಸುಟ್ಟ ಮೋಟಾರ್ ಹೊತ್ತುಕೊಂಡು ಬಂದು ಬಾಗಿಲಲ್ಲೇ ಕೂತಿರುತ್ತಾರೆ, ಅವರನ್ನು ಕಾಯಿಸಿ ಈ ಸಣ್ಣ ಕಾಯಿಲ್ ಸುತ್ತೋಕೆ ಆಗಲ್ಲ ಅನ್ನೋದು ಅವರ ಮಾತು. ನ್ಯಾಯವಾದ ಮಾತೇ. ಪಿ.ಬಿ. ರೋಡಿನಿಂದ ಹಳೇ ಊರಿನ ಕಡೆ ಒಳಗೆ ಹೋದರೆ ಇಂಥ ಅಂಗಡಿ ಬೇಕಾದಷ್ಟಿವೆ. ನಾನು ಇಲ್ಲಿ ಹೇಳೋದನ್ನು ನೋಡಿ ನೀವೂ ಒಂದನ್ನು ಆರಿಸಿಕೊಳ್ಳಬಹುದು.

ನನಗೆ ಇದರ ಅವಶ್ಯಕತೆ ಯಾಕೆ ಬಂತು ಅಂತ ಹೇಳಬೇಕು. ನಾನು ಮಷಿನ್‌ಗಳ ಕಂಟ್ರೋಲ್ ಪ್ಯಾನೆಲ್ ರಿಪೇರಿ ಮಾಡುವವನು, ದಾವಣಗೆರೆ, ಹರಿಹರ, ಚಿತ್ರದುರ್ಗದ ಸಣ್ಣಪುಟ್ಟ ವರ್ಕ್‌ಶಾಪ್‌ಗಳು ನನ್ನ ಗಿರಾಕಿಗಳು. ಅದರಲ್ಲಿ ಒಂದು ಕಡೆ ಇಂಡಕ್ಷನ್ ಹೀಟಿಂಗ್ ಮಷಿನ್ ಇದೆ. ತಾಮ್ರದ ಕೊಳವೆಯ ಕಾಯಿಲ್ ಒಳಗೆ ಕಬ್ಬಿಣದ ಪಿನ್ ಇಟ್ಟರೆ ಕೆಲವೇ ಸೆಕೆಂಡಿನಲ್ಲಿ ಕೆಂಪಗಾಗುತ್ತದೆ, ತಕ್ಷಣ ನೀರಿಗೆ ಹಾಕಿದರೆ ಮೇಲ್ಮೈ ಗಟ್ಟಿಯಾಗುತ್ತದೆ. ಅದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ ಹಿರಿಯರೊಬ್ಬರಿಗೆ ಹೃದಯದ ಬಡಿತ ಸರಿಯಾಗಿಡುವ ಪೇಸ್‌ಮೇಕರ್ ಹಾಕಿದರು. ಜೋರಾದ ಫೀಲ್ಡ್ ಅದರ ಕೆಲಸ ಕೆಡಿಸಬಹುದು. ಹುಷಾರಾಗಿ ವಾಪಸ್ ಕೆಲಸಕ್ಕೆ ಬಂದರು. ಮಾಲೀಕರು ನನ್ನನ್ನು ಕರೆಸಿ, ‘ಇವರು ಎಲ್ಲಿ ನಿಂತರೆ ತೊಂದರೆ ಇಲ್ಲ, ಅಳೆದು ಹೇಳ್ರಿ’ ಅಂದರು. ಊಹೆ ಮಾಡಿ ಹೇಳೋ ವಿಷಯ ಅಲ್ಲ ಇದು, ಅಲ್ವಾ? ಅಳೆಯಲೇಬೇಕು.

ಅಳೆಯೋಕೆ ಏನಿದೆ? ಎಲ್ಲರೂ ಮೊದಲು ತೋರಿಸೋದು ಮೊಬೈಲ್ ಆ್ಯಪ್. ಮೊಬೈಲ್ ಒಳಗಿರುವ ಸೆನ್ಸರ್ ದಿಕ್ಕು ತೋರಿಸೋಕೆ ಇರೋದು, ಭೂಮಿಯ ಫೀಲ್ಡನ್ನು ನೋಡುತ್ತದೆ, ನಮ್ಮ ಕಡೆ ಅದು ಸುಮಾರು 40 ಮೈಕ್ರೋಟೆಸ್ಲಾ (ಫೀಲ್ಡ್ ಅಳೆಯುವ ಮಾನ ಇದು). ಈ ಮಷಿನ್ ಓಡೋದು ಸುಮಾರು 20 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 20,000 ಸಲ ಫೀಲ್ಡ್ ಹಿಂದೆ ಮುಂದೆ ಆಗುತ್ತದೆ. ಅಷ್ಟು ವೇಗ ಮೊಬೈಲಿಗೆ ಕಾಣಿಸೋದೇ ಇಲ್ಲ. ಮುಂದೆ ನಿಂತು ನೋಡಿದರೆ ಆ್ಯಪ್ ಆರಾಮಾಗಿ ಅದೇ 40 ತೋರಿಸುತ್ತಾ ಇರುತ್ತದೆ, ಮಷಿನ್ ಆಫ್ ಇದ್ದಾಗಲೂ ಅಷ್ಟೇ, ಆನ್ ಇದ್ದಾಗಲೂ ಅಷ್ಟೇ. ಇದನ್ನು ನಂಬಿ ಯಾರಾದರೂ ‘ಏನೂ ಇಲ್ಲ, ನಿಂತ್ಕೊಳ್ಳಿ’ ಅಂದರೆ ದೊಡ್ಡ ಅನಾಹುತ. ಕೈಯಲ್ಲಿ ಹಿಡಿಯುವ ಅಗ್ಗದ ಇಎಂಎಫ್ ಮೀಟರ್ ಬಹುಪಾಲು 50 ಹರ್ಟ್ಸ್ ಕರೆಂಟಿಗೆ ಅಂತ ಮಾಡಿದ್ದು. 20 ಕಿಲೋಹರ್ಟ್ಸ್‌ನಲ್ಲಿ ಅದರ ಮಾತಿಗೆ ಬೆಲೆ ಇಲ್ಲ.

ಆನ್‌ಲೈನ್ ಪ್ರೋಬ್ ಸೆಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನಾನೇ ಒಂದು ತರಿಸಿದ್ದೆ. ಮೂರು ಸಣ್ಣ ರಿಂಗು, ಒಂದು ಕಡ್ಡಿ, ಒಂದು ಕೇಬಲ್, ನೋಡೋಕೆ ಚೆನ್ನಾಗಿದೆ. ಸರ್ಕ್ಯೂಟ್ ಬೋರ್ಡ್ ಮೇಲೆ ಗಲಾಟೆ ಎಲ್ಲಿಂದ ಬರುತ್ತಿದೆ ಅಂತ ಮೂಸಿ ಕಂಡುಹಿಡಿಯೋಕೆ ಈಗಲೂ ಅದನ್ನೇ ಬಳಸುತ್ತೇನೆ. ಆದರೆ ಅಳತೆಗೆ ಬರಲ್ಲ. ರಿಂಗಿನ ಒಳಗೆ ಎಷ್ಟು ಸುತ್ತಿದೆ, ಸುತ್ತಿನ ಅಗಲ ಎಷ್ಟು, ಎಷ್ಟು ಫೀಲ್ಡಿಗೆ ಎಷ್ಟು ವೋಲ್ಟ್ ಬರುತ್ತದೆ, ಒಂದನ್ನೂ ಬರೆದಿಲ್ಲ. ಮಾರುವವರನ್ನು ಕೇಳಿದರೆ ಫ್ರೀಕ್ವೆನ್ಸಿ ರೇಂಜ್ ಮಾತ್ರ ಹೇಳಿದರು. ರಿಂಗ್ ಪೂರ್ತಿ ಕಪ್ಪು ರಬ್ಬರಿನಲ್ಲಿ ಮುಚ್ಚಿರೋದರಿಂದ ಬಿಚ್ಚಿ ನೋಡೋಕೂ ಆಗಲ್ಲ.

ಲೂಪ್ ಆಂಟೆನಾದ ದೊಡ್ಡ ಗುಣ ಏನಂದರೆ ಅದರ ಲೆಕ್ಕ ಪೂರ್ತಿ ನಮ್ಮ ಕೈಯಲ್ಲೇ ಇರುತ್ತದೆ. 1831ರಲ್ಲಿ ಫ್ಯಾರಡೆ ಕಂಡುಹಿಡಿದ ಅದೇ ನಿಯಮ. ಫ್ರೀಕ್ವೆನ್ಸಿ, ಸುತ್ತುಗಳ ಸಂಖ್ಯೆ, ಸುತ್ತಿನ ವಿಸ್ತೀರ್ಣ, ಫೀಲ್ಡ್, ಈ ನಾಲ್ಕನ್ನೂ ಗುಣಿಸಿ, ಅದನ್ನು 6.28ರಿಂದ ಗುಣಿಸಿದರೆ ವೋಲ್ಟ್ ಬರುತ್ತದೆ. ಅಷ್ಟೇ. ಸುತ್ತು ಎಷ್ಟು ಅಂತ ಖಚಿತವಾಗಿ ಗೊತ್ತಿದ್ದು ವ್ಯಾಸ ಸರಿಯಾಗಿದ್ದರೆ ಯಾರ ಸರ್ಟಿಫಿಕೇಟೂ ಇಲ್ಲದೆ ನಿಮ್ಮ ಆಂಟೆನಾ ಸುಮಾರು ಸರಿಯಾದ ಅಳತೆ ಕೊಡುತ್ತದೆ. 4 ಸೆಂಟಿಮೀಟರ್ ವ್ಯಾಸದ, 10 ಸುತ್ತಿನ ಕಾಯಿಲ್ ತೆಗೆದುಕೊಳ್ಳಿ. 20 ಕಿಲೋಹರ್ಟ್ಸ್‌ನಲ್ಲಿ 100 ಮೈಕ್ರೋಟೆಸ್ಲಾ ಫೀಲ್ಡ್ ಇದ್ದರೆ ಅದರ ತುದಿಯಲ್ಲಿ 158 ಮಿಲಿವೋಲ್ಟ್ ಬರಬೇಕು. ಯಾವ ಸಾದಾ ಸ್ಕೋಪಿನಲ್ಲೂ (ವೋಲ್ಟೇಜನ್ನು ಪರದೆಯ ಮೇಲೆ ಅಲೆಯಾಗಿ ತೋರಿಸುವ ಆಸಿಲೋಸ್ಕೋಪ್) ಇದು ಕಾಣುತ್ತದೆ. ಅದೇ ಕಾಯಿಲ್ 50 ಹರ್ಟ್ಸ್‌ನಲ್ಲಿ ಅಷ್ಟೇ ಫೀಲ್ಡಿಗೆ 400 ಪಟ್ಟು ಕಡಿಮೆ ಕೊಡುತ್ತದೆ, ಅದಕ್ಕೇ ಕರೆಂಟ್ ಲೈನ್ ಫೀಲ್ಡಿಗೆ ಸುತ್ತು ಜಾಸ್ತಿ ಬೇಕು.

ಇಲ್ಲಿ ಬಹಳ ಜನ ಉಲ್ಟಾ ಯೋಚನೆ ಮಾಡುತ್ತಾರೆ. ಆಂಟೆನಾ ದೊಡ್ಡದಿದ್ದಷ್ಟೂ ಒಳ್ಳೆಯದು ಅಂದುಕೊಳ್ಳುತ್ತಾರೆ. ದೂರದ ರೇಡಿಯೋ ಕೇಳೋಕೆ ಅದು ನಿಜ. ಜೋರಾದ ಫೀಲ್ಡಿಗೆ ಸಣ್ಣ ಲೂಪ್, ಕಡಿಮೆ ಸುತ್ತು ಬೇಕು. ಅಮೆರಿಕದ ಮಿಲಿಟರಿ ಸಲಕರಣೆಗಳ ಪರೀಕ್ಷೆಗೆ ಮಿಲ್ ಎಸ್‌ಟಿಡಿ 461 ಅನ್ನೋ ನಿಯಮ ಇದೆ, ಅದರಲ್ಲಿ ಎರಡು ತರಹದ ಲೂಪ್ ಹೇಳಿದ್ದಾರೆ. ಸಲಕರಣೆಯಿಂದ ಹೊರಬರುವ ಸಣ್ಣ ಫೀಲ್ಡ್ ಹಿಡಿಯೋಕೆ 13.3 ಸೆಂಟಿಮೀಟರ್ ವ್ಯಾಸ, 36 ಸುತ್ತು. ಸಲಕರಣೆಯ ಮೇಲೆ ಬೇಕಂತಲೇ ಜೋರಾದ ಫೀಲ್ಡ್ ಹಾಕುವ ಪರೀಕ್ಷೆಯಲ್ಲಿ ಆ ಫೀಲ್ಡನ್ನು ಪರಿಶೀಲಿಸೋಕೆ 4 ಸೆಂಟಿಮೀಟರ್ ವ್ಯಾಸ, 51 ಸುತ್ತು; ಸುತ್ತು ಜಾಸ್ತಿ ಇದ್ದರೂ ವಿಸ್ತೀರ್ಣ ಬಹಳ ಸಣ್ಣದು, ಹಾಗಾಗಿ ವೋಲ್ಟ್ ಕಮ್ಮಿಯೇ. ಆ ದೊಡ್ಡ ಲೂಪನ್ನು ತಂದು ನಮ್ಮ ಮಷಿನ್ ಹತ್ತಿರ 1 ಮಿಲಿಟೆಸ್ಲಾ (ಅಂದರೆ 1000 ಮೈಕ್ರೋಟೆಸ್ಲಾ) ಇರುವ ಜಾಗದಲ್ಲಿ ಹಿಡಿದರೆ ಲೆಕ್ಕದ ಪ್ರಕಾರ ತುದಿಯಲ್ಲಿ 63 ವೋಲ್ಟ್ ಹುಟ್ಟುತ್ತದೆ. ಯಾವ ಫ್ರೀಕ್ವೆನ್ಸಿ ಎಷ್ಟಿದೆ ಅಂತ ತೋರಿಸುವ ಸ್ಪೆಕ್ಟ್ರಮ್ ಅನಲೈಸರ್‌ಗಳು ಸಾಮಾನ್ಯವಾಗಿ ತಡೆಯೋದು ಒಂದು ವ್ಯಾಟ್, ಅಂದರೆ 7 ವೋಲ್ಟ್. ಲಕ್ಷ ರೂಪಾಯಿ ಉಪಕರಣದ ಮುಂಬಾಗಿಲೇ ಸುಟ್ಟುಹೋಗುತ್ತದೆ. ಒಂದೇ ಸುತ್ತಿನ 4 ಸೆಂಟಿಮೀಟರ್ ಲೂಪ್ ಅದೇ ಜಾಗದಲ್ಲಿ 158 ಮಿಲಿವೋಲ್ಟ್ ಕೊಡುತ್ತದೆ. ಏನೂ ಆಗಲ್ಲ.

ಹಾಗಾಗಿ ಮೂರು ಲೂಪ್ ಮಾಡಿಸೋದು ಅಂತ ತೀರ್ಮಾನ ಮಾಡಿದೆ. ಮೂರೂ 4 ಸೆಂಟಿಮೀಟರ್ ವ್ಯಾಸ. ಒಂದು ಸುತ್ತು, ಹತ್ತು ಸುತ್ತು, ಐವತ್ತೊಂದು ಸುತ್ತು. ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋದೆ.

ಈಗ ಅಂಗಡಿಯ ವಿಷಯ. ಮಾಲೀಕರು ಅರವತ್ತರ ಆಸುಪಾಸಿನವರು, ಮಾತು ಕಡಿಮೆ. ಚೀಟಿ ನೋಡಿ ಮೊದಲು ಕೇಳಿದ್ದು, ‘ಇದಕ್ಕೆ ಕರೆಂಟ್ ಎಷ್ಟು ಹೋಗ್ತದ್ರಿ?’ ಏನೂ ಹೋಗಲ್ಲ ಅಣ್ಣಾ, ಬರೀ ವೋಲ್ಟೇಜ್ ನೋಡೋದು ಅಂದೆ. ‘ಹಂಗಾದ್ರೆ ಸಣ್ಣ ತಂತಿ ಸಾಕು, 30 ಗೇಜ್ ಹಾಕ್ತೀನಿ’ ಅಂದರು. ನಾನು ಗೇಜ್ ಬಗ್ಗೆ ಬರೆದೇ ಇರಲಿಲ್ಲ, ಅವರು ಹೇಳಿದ್ದು ಎಷ್ಟು ಸರಿ ಅಂತ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಸುತ್ತಿನ ವ್ಯಾಸವನ್ನು ತಂತಿಯ ನಡುವಿನಿಂದ ನಡುವಿಗೆ ಹಿಡಿಯಬೇಕು. 40 ಮಿಲಿಮೀಟರ್ ಪೈಪಿನ ಮೇಲೆ ಒಂದು ಮಿಲಿಮೀಟರ್ ದಪ್ಪದ ತಂತಿ ಸುತ್ತಿದರೆ ವ್ಯಾಸ 41 ಆಗುತ್ತದೆ, ವಿಸ್ತೀರ್ಣ ನೂರಕ್ಕೆ ಐದು ಜಾಸ್ತಿ ಆಗಿಬಿಡುತ್ತದೆ. 30 ಗೇಜ್ ತಂತಿಯ ದಪ್ಪ ಮೂರನೇ ಒಂದು ಮಿಲಿಮೀಟರಿಗಿಂತ ಸ್ವಲ್ಪ ಕಮ್ಮಿ, ಅದರಿಂದ ಬರೋ ವ್ಯತ್ಯಾಸ ನೂರಕ್ಕೆ ಒಂದೂವರೆ.

ಸುತ್ತೋಕೆ ಅಚ್ಚು ಬೇಕಲ್ಲ. ನಾನು 40 ಮಿಲಿಮೀಟರ್ ಪಿವಿಸಿ ಪೈಪಿನ ತುಂಡು ತೆಗೆದುಕೊಂಡು ಹೋಗಿದ್ದೆ, ಹೊಲಕ್ಕೆ ಹಾಕುವ ಪೈಪ್, ಅದರ ಹೊರಗಿನ ಅಳತೆ 40. ಅಣ್ಣ ಅದನ್ನು ಕೈಯಲ್ಲಿ ಹಿಡಿದು ವರ್ನಿಯರ್ ಹಾಕಿ ನಾಲ್ಕು ಕಡೆ ನೋಡಿದರು. ಪೂರ್ತಿ ದುಂಡಗಿರಲಿಲ್ಲ. ‘ಎಲ್ಲಿ ಇಟ್ಟು ನೋಡೋದು ಇದನ್ನ?’ ಅಂತ ಕೇಳಿದರು. ಕಬ್ಬಿಣ ಕಾಯಿಸೋ ಮಷಿನ್ ಪಕ್ಕ ಅಂದೆ. ಪೈಪನ್ನು ಪಕ್ಕಕ್ಕಿಟ್ಟು, ‘ಇದು ಮೆತ್ತಗಾಗ್ತದೆ. ಹೈಲಮ್ ಹಾಕೋಣ’ ಅಂದರು. ಹೈಲಮ್ ಅಂದರೆ ಬಿಸಿ ತಡೆಯುವ, ಕರೆಂಟ್ ಹರಿಯದ ಗಟ್ಟಿ ಹಲಗೆ. ಪಿವಿಸಿ 80 ಡಿಗ್ರಿ ಹತ್ತಿರ ಬಂದರೆ ಮೆತ್ತಗಾಗಿ ಆಕಾರ ಕೆಡುತ್ತದೆ, ಆಕಾರ ಕೆಟ್ಟರೆ ವಿಸ್ತೀರ್ಣ ಕೆಟ್ಟಂತೆ, ಅಳತೆಯೂ ಕೆಟ್ಟಂತೆ. ಪಕ್ಕದ ಲೇತ್ ಅಂಗಡಿಯಲ್ಲಿ ಹೈಲಮ್ ಬಿಲ್ಲೆಗಳನ್ನು ಕಡೆಸಿದರು, ಅಂಚಿನಲ್ಲಿ ತಂತಿ ಕೂರೋಕೆ ಒಂದು ಸಣ್ಣ ತೋಡು ಸಮೇತ. ಅದನ್ನು ನಾನು ಹೇಳಿರಲಿಲ್ಲ. ಮೋಟಾರ್ ಕಾಯಿಲ್ ಸುತ್ತಿ ಸುತ್ತಿ ಬಂದ ಬುದ್ಧಿ ಅದು.

ಸುತ್ತೋದನ್ನು ಹತ್ತಿರದಿಂದ ನೋಡಿದೆ. ಕೈಯಿಂದ ತಿರುಗಿಸುವ ಮಷಿನ್, ಪಕ್ಕದಲ್ಲಿ ಅಂಕಿ ಓಡುವ ಹಳೇ ಕೌಂಟರ್. ಬಲಗೈ ಹಿಡಿಕೆ ತಿರುಗಿಸುತ್ತಿದ್ದರೆ ಎಡಗೈಯ ಹೆಬ್ಬೆರಳು ತೋರುಬೆರಳ ಮಧ್ಯೆ ಒಂದು ಚಿಂದಿ ಬಟ್ಟೆ, ಆ ಬಟ್ಟೆಯ ಒಳಗಿಂದ ತಂತಿ ಜಾರಿ ಬರುತ್ತದೆ, ಎಲ್ಲೂ ಸಡಿಲ ಇಲ್ಲ, ಎಲ್ಲೂ ಎಳೆತ ಜಾಸ್ತಿ ಆಗಿ ತುಂಡಾಗಲ್ಲ. ಒಂದರ ಪಕ್ಕ ಒಂದು ಸುತ್ತು ಸಾಲಾಗಿ ಕೂತವು. ಕೌಂಟರ್ ನಂಬಿ ಬಿಡಲಿಲ್ಲ ಅವರು, ಕೊನೆಗೆ ಪೆನ್ನಿನ ಮೊನೆ ಇಟ್ಟು ಒಂದೊಂದೇ ಸುತ್ತು ಎಣಿಸಿದರು. 51 ಬಂದಾಗ, ‘ಒಳ್ಳೆ ಸಂಖ್ಯೆ ಆರಿಸ್ಕೊಂಡೀರಿ’ ಅಂದರು, ಮುಯ್ಯಿ ಹಾಕೋ ಸಂಖ್ಯೆ ಅಂತ. ತಂತಿ ಒಳಗೆ ಹೋದ ಜಾಗದಿಂದಲೇ ಹೊರಗೆ ತಂದರು, ಹಾಗಾಗಿ ಅರ್ಧ ಸುತ್ತು ಕಾಲು ಸುತ್ತು ಅನ್ನೋ ತಕರಾರೇ ಇಲ್ಲ. ಆಮೇಲೆ ವಾರ್ನಿಷ್‌ನಲ್ಲಿ ಅದ್ದಿ, ಮೋಟಾರ್ ಸ್ಟೇಟರ್‌ಗಳ ಜೊತೆಗೇ ಒಣಗಿಸಿದರು. ವಾರ್ನಿಷ್ ಕೂತ ಮೇಲೆ ಸುತ್ತು ಅಲುಗಾಡಲ್ಲ. ಕೆಳಗೆ ಬಿದ್ದರೂ ಅಳತೆ ಬದಲಾಗಲ್ಲ.

ಇಷ್ಟೆಲ್ಲ ಹೊಗಳಿದ ಮೇಲೆ ದೂರೂ ಹೇಳಬೇಕು. ಎರಡು ದೂರಿದೆ.

ಮೊದಲನೆಯದು ಶೀಲ್ಡ್. ಇಂಡಕ್ಷನ್ ಮಷಿನ್ ಹತ್ತಿರ ಎಲೆಕ್ಟ್ರಿಕ್ ಫೀಲ್ಡೂ ಜೋರಾಗಿರುತ್ತದೆ, ಅದು ಕಾಯಿಲ್ ಒಳಗೆ ನುಗ್ಗಿ ಸುಳ್ಳು ವೋಲ್ಟೇಜ್ ತೋರಿಸದಂತೆ ಸುತ್ತಲೂ ತಾಮ್ರದ ಟೇಪ್ ಸುತ್ತಬೇಕು. ಆದರೆ ಆ ಟೇಪ್ ಪೂರ್ತಿ ಒಂದು ಸುತ್ತು ಕೂಡಿಕೊಳ್ಳಬಾರದು, ಒಂದು ಕಡೆ ಎರಡು ಮೂರು ಮಿಲಿಮೀಟರ್ ಸಂದು ಬಿಡಲೇಬೇಕು. ಸಂದು ಇಲ್ಲದಿದ್ದರೆ ಟೇಪೇ ಒಂದು ಶಾರ್ಟ್ ಆದ ಸುತ್ತಾಗಿ, ಅದರಲ್ಲಿ ಕರೆಂಟ್ ಹರಿದು, ಒಳಗಿನ ಕಾಯಿಲ್‌ಗೆ ಫೀಲ್ಡ್ ಮುಟ್ಟದಂತೆ ತಡೆಯುತ್ತದೆ. ಚೀಟಿಯಲ್ಲಿ ಚಿತ್ರ ಹಾಕಿ ಸಂದನ್ನು ಗುರುತು ಮಾಡಿದ್ದೆ. ಆದರೂ ಅಂಗಡಿಯ ಹುಡುಗ ನೀಟಾಗಿರಲಿ ಅಂತ ಟೇಪ್ ಪೂರ್ತಿ ಸುತ್ತಿ, ಕೂಡುವ ಜಾಗಕ್ಕೆ ಬೆಸುಗೆಯನ್ನೂ ಹಾಕಿಬಿಟ್ಟಿದ್ದ. ನೋಡೋಕೆ ಬಂಗಾರದ ಬಳೆ ತರಹ ಇತ್ತು. ಸ್ಕೋಪಿಗೆ ಹಾಕಿದರೆ ಏನೂ ಬರಲ್ಲ ಅನ್ನೋ ಹಾಗೆ. ವಾಪಸ್ ಒಯ್ದಾಗ ಅಣ್ಣ ಬೇಜಾರು ಮಾಡಿಕೊಳ್ಳದೆ ಬ್ಲೇಡ್ ಹಾಕಿ ಕತ್ತರಿಸಿದರು, ಸಿಗ್ನಲ್ ಬಂತು, ಮತ್ತೆ ದುಡ್ಡು ಕೇಳಲಿಲ್ಲ. ನೀವು ಮಾಡಿಸುವಾಗ ಶೀಲ್ಡ್ ಕೆಲಸವನ್ನು ಎದುರಿಗೇ ನಿಂತು ಮಾಡಿಸಿ.

ಎರಡನೇ ದೂರು, ಹೊರಗೆ ಬರುವ ವೈರ್. ಮೋಟಾರಿಗೆ ಕೊಡುವ ಹಾಗೆ ಎರಡು ಬಿಡಿ ವೈರ್ ತೆಗೆದು ಸ್ಲೀವ್ ಹಾಕಿ ಕೊಟ್ಟರು. ಜೋರಾದ ಫೀಲ್ಡಿನಲ್ಲಿ ಇದು ನಡೆಯಲ್ಲ. ಆ ಎರಡು ವೈರ್ ನಡುವಿನ ಜಾಗವೇ ಇನ್ನೊಂದು ಲೂಪ್ ಆಗಿ, ಅದೂ ತನ್ನ ವೋಲ್ಟೇಜ್ ಸೇರಿಸುತ್ತದೆ. ಒಂದು ಸುತ್ತಿನ ಲೂಪಿನಲ್ಲಂತೂ ವೈರ್ ನಡುವಿನ ಜಾಗ ಲೂಪಿಗಿಂತ ದೊಡ್ಡದಾದರೂ ಆಶ್ಚರ್ಯ ಇಲ್ಲ. ಸ್ಕೋಪಿಗೆ ಸಿಕ್ಕಿಸುವ ಬಿಎನ್‌ಸಿ ಕನೆಕ್ಟರ್ ಹಾಕೋದು ಅವರಿಗೆ ರೂಢಿ ಇಲ್ಲ. ಹತ್ತು ಸುತ್ತು, ಐವತ್ತೊಂದು ಸುತ್ತಿನದಕ್ಕೆ ನಾನೇ ಮನೆಯಲ್ಲಿ ವೈರ್ ಮೋಟು ಮಾಡಿ, ಒಳಗೊಂದು ತಂತಿ ಸುತ್ತಲೂ ಜಾಲರಿ ಇರುವ ಕೋಆಕ್ಸ್ ಕೇಬಲ್ ಬೆಸೆದೆ. ಒಂದು ಸುತ್ತಿನದನ್ನು ಕೋಆಕ್ಸ್ ಕೇಬಲ್ಲನ್ನೇ ಬಗ್ಗಿಸಿ, ಮೇಲ್ಗಡೆ ಮಧ್ಯದಲ್ಲಿ ಹೊರಗಿನ ಜಾಲರಿ ಕತ್ತರಿಸಿ ಮಾಡಿಕೊಂಡೆ, ಹೈಲಮ್ ಬಿಲ್ಲೆಯ ಮೇಲೆ ಕಟ್ಟಿದೆ. ಬೆಸುಗೆ ಹಾಕೋಕೆ ಬರದವರು ಅಂಗಡಿಯವರ ಮೇಲೇ ಪೂರ್ತಿ ಬಿಟ್ಟರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಇದನ್ನು ತಿಳಿದುಕೊಂಡೇ ಹೋಗಿ.

ಲೆಕ್ಕ ಏನೇ ಹೇಳಲಿ, ಒಬ್ಬರ ಆರೋಗ್ಯದ ವಿಷಯ ಆದ್ದರಿಂದ ಪರೀಕ್ಷೆ ಮಾಡದೆ ಬಳಸೋಕೆ ಮನಸ್ಸು ಒಪ್ಪಲಿಲ್ಲ. ಅದಕ್ಕೂ ಅದೇ ಅಂಗಡಿ. ಲೆಕ್ಕದಿಂದ ಎಷ್ಟು ಅಂತ ಗೊತ್ತಿರುವ ಫೀಲ್ಡ್ ಹುಟ್ಟಿಸೋಕೆ ಹೆಲ್ಮ್‌ಹೋಲ್ಟ್ಸ್ ಕಾಯಿಲ್ ಅಂತ ಒಂದು ಜೋಡಿ ಸುತ್ತಿಸಿದೆ: 10 ಸೆಂಟಿಮೀಟರ್ ತ್ರಿಜ್ಯದ ಎರಡು ಬಳೆ, ಒಂದೊಂದಕ್ಕೂ 50 ಸುತ್ತು, ಎರಡರ ನಡುವೆ ಅಂತರವೂ 10 ಸೆಂಟಿಮೀಟರ್. ತ್ರಿಜ್ಯ ಮತ್ತು ಅಂತರ ಒಂದೇ ಇದ್ದಾಗ ಮಧ್ಯದಲ್ಲಿ ಫೀಲ್ಡ್ ಸಮನಾಗಿರುತ್ತದೆ. ಒಂದು ಆಂಪಿಯರ್ ಹರಿಸಿದರೆ ಮಧ್ಯದಲ್ಲಿ 450 ಮೈಕ್ರೋಟೆಸ್ಲಾ. 50 ಹರ್ಟ್ಸ್‌ಗೆ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್ ಸಾಕು. ಐವತ್ತೊಂದು ಸುತ್ತಿನ ಲೂಪ್ ಆಗ 9 ಮಿಲಿವೋಲ್ಟ್ ಕೊಡಬೇಕು, ಕೊಟ್ಟಿತು. 10 ಕಿಲೋಹರ್ಟ್ಸ್‌ಗೆ ಹಾಡು ಕೇಳುವ ಆಂಪ್ಲಿಫೈಯರ್ ಬಳಸಿದೆ. ಆ ಫ್ರೀಕ್ವೆನ್ಸಿಯಲ್ಲಿ ಕಾಯಿಲ್ ಕರೆಂಟನ್ನು ಸುಲಭಕ್ಕೆ ಬಿಡಲ್ಲ, ಹತ್ತನೇ ಒಂದು ಆಂಪಿಯರ್ ಹೋಗೋದೇ ಹೆಚ್ಚು. ಆದರೂ 45 ಮೈಕ್ರೋಟೆಸ್ಲಾ ಸಿಗುತ್ತದೆ, ಹತ್ತು ಸುತ್ತಿನ ಲೂಪಿಗೆ ಧಾರಾಳ ಸಾಕು. ಲೆಕ್ಕಕ್ಕೂ ಸ್ಕೋಪಿಗೂ ನೂರಕ್ಕೆ ಮೂರಕ್ಕಿಂತ ಜಾಸ್ತಿ ವ್ಯತ್ಯಾಸ ಬರಲಿಲ್ಲ. ಮೋಟಾರ್ ಸುತ್ತುವ ಅಂಗಡಿಯಲ್ಲಿ ಕೈಯಿಂದ ಸುತ್ತಿದ ಕಾಯಿಲ್ ಇದು. ನನಗೆ ನಿಜಕ್ಕೂ ಖುಷಿಯಾಯಿತು.

ಐವತ್ತೊಂದು ಸುತ್ತಿನದನ್ನು ಬಳಸುವವರಿಗೆ ಒಂದು ಎಚ್ಚರಿಕೆ. ಅದನ್ನು ಸ್ಕೋಪಿನ 50 ಓಮ್ ಇನ್‌ಪುಟ್‌ಗೆ ಹಾಕಿದರೆ ಕೆಲವು ಹತ್ತು ಕಿಲೋಹರ್ಟ್ಸ್ ದಾಟುವಷ್ಟರಲ್ಲಿ ಕಾಯಿಲ್‌ನ ಸ್ವಂತ ಇಂಡಕ್ಟೆನ್ಸ್ ಅಡ್ಡ ಬಂದು ರೀಡಿಂಗ್ ಕಮ್ಮಿ ತೋರಿಸೋಕೆ ಶುರು ಮಾಡುತ್ತದೆ. 1 ಮೆಗಾಓಮ್ ಇನ್‌ಪುಟ್‌ನಲ್ಲಿ ನೋಡಿ. ಒಂದು ಸುತ್ತಿನದಕ್ಕೆ ಈ ತಲೆನೋವು ಇಲ್ಲ, ಹತ್ತಾರು ಮೆಗಾಹರ್ಟ್ಸ್‌ವರೆಗೂ 50 ಓಮ್‌ಗೆ ಧೈರ್ಯವಾಗಿ ಹಾಕಬಹುದು.

ಇನ್ನು ವರ್ಕ್‌ಶಾಪಿನಲ್ಲಿ ಅಳೆದದ್ದು. ಹೋಗೋ ಮುಂಚೆ ಉಂಗುರ, ವಾಚು, ಕೈಕಡಗ ಎಲ್ಲ ತೆಗೆದಿಡಿ, ಕೂಡಿಕೊಂಡ ಲೋಹದ ಬಳೆ ಯಾವುದೇ ಆಗಲಿ ಆ ಫೀಲ್ಡಿನಲ್ಲಿ ಬಿಸಿಯಾಗುತ್ತದೆ, ಬೆರಳು ಸುಡುತ್ತದೆ. ಲೂಪನ್ನು ಒಣ ಮರದ ಕೋಲಿನ ತುದಿಗೆ ಕಟ್ಟಿಕೊಂಡು ದೂರದಿಂದ ಶುರು ಮಾಡಿ ಹತ್ತಿರ ಹೋಗಿ. ಪ್ರತಿ ಜಾಗದಲ್ಲೂ ಲೂಪನ್ನು ಮೂರು ದಿಕ್ಕಿಗೆ ತಿರುಗಿಸಿ ಬರೆದುಕೊಳ್ಳಬೇಕು, ಮೂರರ ವರ್ಗ ಕೂಡಿ ವರ್ಗಮೂಲ ತೆಗೆದರೆ ಅಲ್ಲಿನ ಫೀಲ್ಡ್. ಸ್ಕೋಪ್ ತೋರಿಸೋದು ಮೇಲಿನ ತುದಿಯಿಂದ ಕೆಳಗಿನ ತುದಿಗೆ, ಸುರಕ್ಷತೆಯ ಮಿತಿಗಳನ್ನು ಬರೆದಿರೋದು ಆರ್‌ಎಂಎಸ್‌ನಲ್ಲಿ (ಅಲೆಯ ಒಂದು ತರಹದ ಸರಾಸರಿ), ಹಾಗಾಗಿ 2.83ರಿಂದ ಭಾಗಿಸೋದನ್ನು ಮರೆಯಬಾರದು.

ಕಾಯಿಲ್ ಬಾಯಿಂದ 10 ಸೆಂಟಿಮೀಟರ್ ದೂರದಲ್ಲಿ 1 ಮಿಲಿಟೆಸ್ಲಾ ಹತ್ತಿರ ಹತ್ತಿರ ಇತ್ತು. 30 ಸೆಂಟಿಮೀಟರ್‌ಗೆ ಬಂದರೆ 40 ಮೈಕ್ರೋಟೆಸ್ಲಾ. ಅರ್ಧ ಮೀಟರ್‌ಗೆ 10ರ ಒಳಗೆ. ಸಣ್ಣ ಕಾಯಿಲ್‌ನಿಂದ ಸ್ವಲ್ಪ ದೂರ ಬಂದ ಮೇಲೆ ಫೀಲ್ಡ್ ಬಹಳ ಬೇಗ ಇಳಿಯುತ್ತದೆ, ದೂರ ಎರಡರಷ್ಟಾದರೆ ಫೀಲ್ಡ್ ಎಂಟನೇ ಒಂದು ಭಾಗ. ಇದನ್ನು ನೋಡಿ ಎಲ್ಲರಿಗೂ ಸಮಾಧಾನ ಆಯಿತು, ಕಾಯಿಲ್‌ನಿಂದ ಅರ್ಧ ಮೀಟರ್ ದೂರ ನಿಂತರೆ ಮುಗೀತು ಅಂದುಕೊಂಡರು.

ಆದರೆ ಆ ಹಿರಿಯರು ದಿನಾ ನಿಲ್ಲುವ ಜಾಗಕ್ಕೆ ಬಂದು ಹಿಡಿದರೆ 350 ಮೈಕ್ರೋಟೆಸ್ಲಾ! ಕಾಯಿಲ್ ಅವರಿಂದ ಒಂದು ಮೀಟರ್ ಆಚೆ ಇದೆ. ಎಲ್ಲಿಂದ ಬರುತ್ತಿದೆ ಅಂತ ಲೂಪ್ ಹಿಡಿದುಕೊಂಡೇ ಹಿಂಬಾಲಿಸಿದೆ. ಮಷಿನ್ ಡಬ್ಬಿಯಿಂದ ಕಾಯಿಲ್‌ಗೆ ನೀರು ಹರಿಯುವ ಎರಡು ದಪ್ಪ ಕೇಬಲ್ ಹೋಗುತ್ತವೆ. ಟ್ರಾಲಿ ಓಡಾಡೋಕೆ ಅನುಕೂಲ ಆಗಲಿ ಅಂತ ಯಾರೋ ಆ ಎರಡನ್ನೂ ಬೇರೆ ಬೇರೆ ಮಾಡಿ, ಒಂದು ಗೇಣಿನಷ್ಟು ಅಂತರ ಬಿಟ್ಟು ಕಟ್ಟಿದ್ದರು. ಒಂದರಲ್ಲಿ ಹೋಗುವ ಕರೆಂಟು ಇನ್ನೊಂದರಲ್ಲಿ ವಾಪಸ್ ಬರುತ್ತದೆ. ಎರಡೂ ಅಂಟಿಕೊಂಡಿದ್ದರೆ ಒಂದರ ಫೀಲ್ಡನ್ನು ಇನ್ನೊಂದು ಕಳೆಯುತ್ತದೆ, ಬಿಡಿಸಿದರೆ ಕಳೆಯಲ್ಲ. ಅವರ ಎದೆ, ಹೊಟ್ಟೆ ಆ ಕೇಬಲ್‌ನಿಂದ ಅರ್ಧ ಅಡಿ ದೂರ. ಎರಡನ್ನೂ ಜೋಡಿಸಿ ನೈಲಾನ್ ಪಟ್ಟಿ ಕಟ್ಟಿಸಿದ ಮೇಲೆ ಅದೇ ಜಾಗದಲ್ಲಿ 40ಕ್ಕೆ ಇಳಿಯಿತು. ಒಂದು ರೂಪಾಯಿ ಖರ್ಚಿಲ್ಲ. ಅಳೆಯದೇ ಇದ್ದಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ, ಕಾಯಿಲ್‌ನಿಂದ ದೂರ ಇದ್ದಾರಲ್ಲ ಅಂತ ಸುಮ್ನೆ ಇದ್ದುಬಿಡುತ್ತಿದ್ದರು.

ಈ ಅಂಕಿಗಳನ್ನು ಯಾವುದಕ್ಕೆ ಹೋಲಿಸೋದು? ಇಕ್ನಿರ್ಪ್ (ICNIRP) ಅನ್ನೋ, ವಿಕಿರಣದಿಂದ ರಕ್ಷಣೆಯ ವಿಷಯ ನೋಡುವ ಅಂತರರಾಷ್ಟ್ರೀಯ ಆಯೋಗ 2010ರಲ್ಲಿ ಕೊಟ್ಟ ಮಿತಿಗಳಿವೆ. 3 ಕಿಲೋಹರ್ಟ್ಸ್ ಮೇಲೆ ಕೆಲಸಗಾರರಿಗೆ 100 ಮೈಕ್ರೋಟೆಸ್ಲಾ, ಜನಸಾಮಾನ್ಯರಿಗೆ 27. ನಮ್ಮ 50 ಹರ್ಟ್ಸ್ ಕರೆಂಟಿಗೆ ಕೆಲಸಗಾರರಿಗೆ 1000, ಜನಸಾಮಾನ್ಯರಿಗೆ 200. ಉಳಿದ ಹುಡುಗರಿಗೆ ಆ ಜಾಗ ಈಗ ಮಿತಿಯ ಒಳಗಿದೆ. ಆದರೆ ದಯವಿಟ್ಟು ಇದನ್ನು ಗಮನಿಸಿ: ಈ ಮಿತಿಗಳು ಪೇಸ್‌ಮೇಕರ್ ಇರುವವರಿಗೆ ರಕ್ಷಣೆ ಕೊಡುತ್ತವೆ ಅಂತ ಆ ಆಯೋಗವೇ ಹೇಳಲ್ಲ. ಪೇಸ್‌ಮೇಕರ್ ಎಷ್ಟು ತಡೆಯುತ್ತದೆ ಅನ್ನೋದು ಆಯಾ ಮಾಡೆಲ್ ಮೇಲೆ, ಒಳಗೆ ವೈರ್ ಹೇಗೆ ಹಾಕಿದ್ದಾರೆ ಅನ್ನೋದರ ಮೇಲೆ ನಿಂತಿದೆ. ಮನೆಯ ಇಂಡಕ್ಷನ್ ಸ್ಟೌನಿಂದಲೇ ಎರಡು ಅಡಿ ದೂರ ಇರಿ ಅಂತ ಅವರಿಗೆ ಸಾಮಾನ್ಯವಾಗಿ ಹೇಳುತ್ತಾರೆ. ಅದಕ್ಕೇ ನಾನು ತೀರ್ಪು ಕೊಡಲಿಲ್ಲ. ನೆಲದ ನಕ್ಷೆ ಬರೆದು, ಯಾವ ಜಾಗದಲ್ಲಿ ಎಷ್ಟು, ಯಾವ ಫ್ರೀಕ್ವೆನ್ಸಿ ಅಂತ ತುಂಬಿ, ಅವರ ಹೃದಯದ ಡಾಕ್ಟರಿಗೆ ತೋರಿಸಿ ಅಂತ ಕೊಟ್ಟೆ. ಡಾಕ್ಟರ್ ಪೇಸ್‌ಮೇಕರ್ ಕಂಪನಿಯವರ ಹತ್ತಿರ ಮಾತಾಡಿ, ಆ ಮಷಿನ್ ಬೇಡ ಅಂದರು. ಈಗ ಅವರು ಪಕ್ಕದ ಶೆಡ್ಡಿನಲ್ಲಿ ಪಿನ್‌ಗಳ ಅಳತೆ ಪರೀಕ್ಷೆ ಮಾಡುತ್ತಾರೆ, ಸಂಬಳ ಅಷ್ಟೇ ಇದೆ. ಅಲ್ಲೂ ಲೂಪ್ ಹಿಡಿದು ನೋಡಿದೆ, ಏನೂ ಸಿಗಲಿಲ್ಲ.

ಈ ಲೂಪ್‌ಗಳಿಂದ ಆಗದ ಕೆಲಸಗಳೂ ಇವೆ. ಬದಲಾಗದೆ ನಿಂತ ಫೀಲ್ಡ್, ಅಂದರೆ ಮ್ಯಾಗ್ನೆಟ್ ತುಂಡು, ಡಿಸಿ ಕ್ರೇನ್ ಮ್ಯಾಗ್ನೆಟ್, ಇದಕ್ಕೆ ಲೂಪ್ ಏನೂ ತೋರಿಸಲ್ಲ. ಅದಕ್ಕೆ ಹಾಲ್ ಪ್ರೋಬ್ ಇರುವ ಗಾಸ್ ಮೀಟರೇ ಬೇಕು. ಪೇಸ್‌ಮೇಕರ್ ವಿಷಯದಲ್ಲಿ ಇದೂ ಮುಖ್ಯ, 1 ಮಿಲಿಟೆಸ್ಲಾ ಆಸುಪಾಸಿನ ನಿಂತ ಫೀಲ್ಡ್ ಸಾಕು ಅದರ ನಡವಳಿಕೆ ಬದಲಾಗೋಕೆ. ಇನ್ನೊಂದು, 4 ಸೆಂಟಿಮೀಟರ್ ಲೂಪ್ ತನ್ನ ಒಳಗಿನ ಪೂರ್ತಿ ಜಾಗದ ಸರಾಸರಿ ತೋರಿಸುತ್ತದೆ. ಕಾಯಿಲ್ ಬಾಯಿಗೆ ಒಂದೆರಡು ಸೆಂಟಿಮೀಟರ್ ಹತ್ತಿರ ಹೋದರೆ ಫೀಲ್ಡ್ ಒಂದು ಬೆರಳಿನ ಅಂತರದಲ್ಲೇ ಬದಲಾಗುತ್ತದೆ, ಅಲ್ಲಿ ಈ ಸರಾಸರಿಗೆ ಅರ್ಥ ಇಲ್ಲ. ಒಂದು ಸೆಂಟಿಮೀಟರ್‌ನ ಲೂಪ್ ಬೇಕು. ಹಾಗೆಯೇ ಲೂಪ್ ತೋರಿಸೋದು ಫೀಲ್ಡ್ ಎಷ್ಟು ಬೇಗ ಬದಲಾಗುತ್ತಿದೆ ಅನ್ನೋದನ್ನು. ಮಷಿನ್‌ನ ಅಲೆ ನುಣುಪಾಗಿದ್ದರೆ ತೊಂದರೆ ಇಲ್ಲ. ಥೈರಿಸ್ಟರ್ ಅನ್ನೋ ಎಲೆಕ್ಟ್ರಾನಿಕ್ ಸ್ವಿಚ್ ಹಾಕಿದ ಹಳೇ ಮಷಿನ್‌ಗಳಲ್ಲಿ ಚೂಪು ಚೂಪಾದ ಗೆರೆ ಬರುತ್ತದೆ, ಅಲ್ಲಿ ಮೇಲಿನ ಫ್ರೀಕ್ವೆನ್ಸಿಗಳು ಇರೋದಕ್ಕಿಂತ ದೊಡ್ಡದಾಗಿ ಕಾಣುತ್ತವೆ, ಒಂದು ರೆಸಿಸ್ಟರ್ ಒಂದು ಕೆಪಾಸಿಟರ್ ಸೇರಿಸಿ, ಫೀಲ್ಡಿನ ನಿಜವಾದ ಆಕಾರ ವಾಪಸ್ ಕೊಡುವ ಇಂಟಿಗ್ರೇಟರ್ ಮಾಡಿ ಮಧ್ಯೆ ಹಾಕಬೇಕು.

ದುಡ್ಡಿನ ಲೆಕ್ಕ: ಮೂರು ಹೈಲಮ್ ಬಿಲ್ಲೆ ಕಡೆಸಿದ್ದು, ಎರಡು ಕಾಯಿಲ್ ಸುತ್ತಿದ್ದು, ವಾರ್ನಿಷ್, ಟೇಪ್ ಸೇರಿ 850 ರೂಪಾಯಿ. ಹೆಲ್ಮ್‌ಹೋಲ್ಟ್ಸ್ ಜೋಡಿಗೆ ತಂತಿ ಜಾಸ್ತಿ ಹೋದ್ದರಿಂದ ಬೇರೆ 1,200. ಕೋಆಕ್ಸ್, ಬಿಎನ್‌ಸಿ ನನ್ನದು. ಕೈಬರಹದ ಚೀಟಿ ಬಿಟ್ಟರೆ ಬಿಲ್ ಕೊಡಲ್ಲ, ಕಂಪನಿ ಖರ್ಚಿಗೆ ಹಾಕುವವರು ಮೊದಲೇ ಮಾತಾಡಿಕೊಳ್ಳಿ. ಸುತ್ತುವ ಕೆಲಸಕ್ಕೆ ಐದರಲ್ಲಿ ಐದು ಅಂಕ, ಶೀಲ್ಡ್ ಮತ್ತು ವೈರಿಗೆ ಎರಡು.

ಹೋಗೋದಾದರೆ ಮಳೆಗಾಲದಲ್ಲಿ ಹೋಗಿ, ಕೈ ಖಾಲಿ ಇರುತ್ತದೆ, ಸಮಾಧಾನವಾಗಿ ಮಾಡಿಕೊಡುತ್ತಾರೆ. ಮಾರ್ಚ್‌ನಿಂದ ಮೇವರೆಗೆ ರೈತರ ಮೋಟಾರಿಗೇ ಸಮಯ ಸಾಲಲ್ಲ. ಚೀಟಿಯಲ್ಲಿ ವ್ಯಾಸ, ಸುತ್ತು, ತಂತಿಯ ಗೇಜ್, ಶೀಲ್ಡಿನ ಸಂದು ಎಲ್ಲಿ ಅಂತ ದೊಡ್ಡದಾಗಿ ಬರೆದುಕೊಡಿ. ನಾನು ಒಂದು ಸೆಂಟಿಮೀಟರ್ ವ್ಯಾಸದ್ದನ್ನು ಹೇಳಿ ಬಂದಿದ್ದೇನೆ, ಅಷ್ಟು ಸಣ್ಣ ಬಿಲ್ಲೆಗೆ ಲೇತ್‌ನವರು ಹೊಸ ಹಿಡಿಕೆ ಮಾಡಿಕೊಳ್ಳಬೇಕಂತೆ. ಬಂದ ಮೇಲೆ ಅದರ ಅಳತೆಯನ್ನೂ ಇಲ್ಲೇ ಸೇರಿಸುತ್ತೇನೆ.